ಬಿಟ್‌ಕಾಯಿನ್: ಒಡೆಯನಿಲ್ಲದ ಜಾಲಕ್ಕೆ ಒಮ್ಮತ ತಂದವರು ಯಾರು?

ಬಿಟ್‌ಕಾಯಿನ್ ಜಾಲಕ್ಕೆ ಒಡೆಯನಿಲ್ಲ, ಕೇಂದ್ರ ಕಚೇರಿಯಿಲ್ಲ, ಅಂತಿಮ ತೀರ್ಪು ನೀಡುವ ಬ್ಯಾಂಕೂ ಇಲ್ಲ. ಸಹಸ್ರಾರು ಕಂಪ್ಯೂಟರ್‌ಗಳು ಒಂದೇ ಲೆಕ್ಕದ ಪುಸ್ತಕದ ಪ್ರತಿಗಳನ್ನು ಇಟ್ಟುಕೊಂಡು, ಯಾವ ಪುಟ ಸರಿ ಎಂಬುದನ್ನು ತಮ್ಮತಮ್ಮಲ್ಲೇ ನಿರ್ಧರಿಸಿಕೊಳ್ಳುತ್ತವೆ. ಈ ಒಮ್ಮತ ಗಣಿತದ ಬಲದಿಂದಲೇ ಮೂಡುತ್ತದೆ, ಮನುಷ್ಯರ ಹಂಗು ಅದಕ್ಕಿಲ್ಲ ಎಂಬುದು ಬೆಂಬಲಿಗರ ವಾದ. 2013ರ ಮಾರ್ಚ್ 11-12ರಂದು ನಡೆದ ಘಟನೆ ಮಾತ್ರ ಈ ವಾದಕ್ಕೆ ಸುಲಭವಾಗಿ ಹೊಂದುವುದಿಲ್ಲ.

ಜಾಲದ ನಿಯಮ ಸರಳ. ವ್ಯವಹಾರಗಳ ಕಟ್ಟು, ಅಂದರೆ ಬ್ಲಾಕ್, ಸುಮಾರು ಹತ್ತು ನಿಮಿಷಕ್ಕೊಮ್ಮೆ ಸರಪಳಿಗೆ ಸೇರುತ್ತದೆ. ಅದನ್ನು ಸೇರಿಸುವ ಹಕ್ಕಿಗಾಗಿ 'ಗಣಿಗಾರ'ರ ಕಂಪ್ಯೂಟರ್‌ಗಳು ವಿದ್ಯುತ್ ವ್ಯಯಿಸಿ ಕಠಿಣ ಲೆಕ್ಕ ಬಿಡಿಸಬೇಕು. ಸರಪಳಿ ಎರಡಾಗಿ ಕವಲೊಡೆದರೆ ಹೆಚ್ಚು ಶ್ರಮ ಸಂದಿರುವ ಕವಲೇ ಅಧಿಕೃತ.

ಘಟನೆಗೆ ಕೆಲವೇ ವಾರಗಳ ಮೊದಲು 0.8 ಆವೃತ್ತಿಯ ತಂತ್ರಾಂಶ ಬಿಡುಗಡೆಯಾಗಿತ್ತು. ಮಾಹಿತಿ ಕೂಡಿಡುವ ಡೇಟಾಬೇಸ್ ಅದರಲ್ಲಿ ಬದಲಾಗಿತ್ತು. 2,25,430ನೆಯ ಬ್ಲಾಕನ್ನು ಹೊಸ ಆವೃತ್ತಿ ಒಪ್ಪಿಕೊಂಡಿತು, 0.7 ಆವೃತ್ತಿ ತಿರಸ್ಕರಿಸಿತು. ಹಳೆಯ ಡೇಟಾಬೇಸ್ ಏಕಕಾಲಕ್ಕೆ ಎಷ್ಟು ದಾಖಲೆಗಳಿಗೆ ಬೀಗ ಹಾಕಬಲ್ಲದು ಎಂಬುದಕ್ಕೆ ಮಿತಿಯೊಂದಿತ್ತು, ಆ ಬ್ಲಾಕ್ ಅದನ್ನು ಮೀರಿತ್ತು. ಯಾರೂ ನಿಯಮವೆಂದು ಬರೆದಿಡದ ಈ ಮಿತಿಯೇ ಜಾಲವನ್ನು ಇಬ್ಭಾಗ ಮಾಡಿತು.

ಗಣಿಗಾರಿಕೆಯ ಬಹುಪಾಲು ಶಕ್ತಿ ಹೊಸ ಆವೃತ್ತಿಯ ಕಡೆಗಿತ್ತು. ನಿಯಮದಂತೆ ಅದೇ ಗೆಲ್ಲಬೇಕಿತ್ತು. ಆದರೆ ಹಳೆಯ ತಂತ್ರಾಂಶ ಬಳಸುತ್ತಿದ್ದವರು ಅದನ್ನು ಬದಲಿಸದ ಹೊರತು ಹೊಸ ಕವಲಿಗೆ ಬರುವಂತಿರಲಿಲ್ಲ. 0.8 ಮಾತ್ರ ಎರಡೂ ಕವಲುಗಳನ್ನು ಒಪ್ಪಬಲ್ಲದು. ಎಂದರೆ, ಗಣಿಗಾರರು ಹಿಂದಿನ ಆವೃತ್ತಿಗೆ ಮರಳಿ ಹಳೆಯ ಕವಲನ್ನು ಬೆಳೆಸಿದರೆ ಉಳಿದವರೆಲ್ಲ ತಾವಾಗಿಯೇ ಅದರ ಹಿಂದೆ ಬರುತ್ತಿದ್ದರು. ತಂತ್ರಜ್ಞರು ಆನ್‌ಲೈನ್ ಹರಟೆಕೋಣೆಯಲ್ಲಿ ತರಾತುರಿಯಲ್ಲಿ ಚರ್ಚಿಸಿ ಈ ದಾರಿಯನ್ನೇ ಆರಿಸಿದರು. ಗಣಿಗಾರರ ದೊಡ್ಡ ಕೂಟಗಳಲ್ಲೊಂದಾದ ಬಿಟಿಸಿ ಗಿಲ್ಡ್ 0.7ಕ್ಕೆ ಮರಳಿತು. ಕೆಲವು ಗಂಟೆಗಳಲ್ಲಿ ಹಳೆಯ ಕವಲು ಮುಂದಾಯಿತು.

ಬೆಲೆ ತೆತ್ತವರು ನಿಯಮ ಪಾಲಿಸಿದವರೇ! ಹೊಸ ಕವಲಿನ 24 ಬ್ಲಾಕ್‌ಗಳು ರದ್ದಾದವು. ಬ್ಲಾಕಿಗೆ 25ರಂತೆ 600 ಬಿಟ್‌ಕಾಯಿನ್‌ಗಳ ಬಹುಮಾನ ಗಣಿಗಾರರ ಕೈತಪ್ಪಿತು. ಖಚಿತವಾಯಿತೆಂದು ನಂಬಿದ್ದ ಸುಮಾರು 10 ಸಾವಿರ ಡಾಲರ್‌ಗಳ ಪಾವತಿಯೊಂದು ಇದ್ದಕ್ಕಿದ್ದಂತೆ ಇಲ್ಲವಾಯಿತು. ಬಳಿಕ ಹಳೆಯ ಆವೃತ್ತಿಯವರಿಗೆ ಬದಲಾಗಲು ಮೇ 15ರವರೆಗೆ ಗಡುವು ನೀಡಲಾಯಿತು. ಗಡುವು ನೀಡಿದವರನ್ನು ಯಾರೂ ಚುನಾಯಿಸಿರಲಿಲ್ಲ.

ಅಂದಿನ ತೀರ್ಮಾನ ಸರಿಯಾಗಿಯೇ ಇತ್ತು. ಒಡಕು ದಿನಗಟ್ಟಲೆ ಉಳಿದಿದ್ದರೆ ನಷ್ಟ ಎಷ್ಟೋ ಪಟ್ಟು ಹೆಚ್ಚುತ್ತಿತ್ತು. ಆದರೆ ಬೆರಳೆಣಿಕೆಯ ಮಂದಿ ಪರಸ್ಪರ ಮಾತನಾಡಿ ಒಪ್ಪಿದ್ದರಿಂದಲೇ ಅದು ಸಾಧ್ಯವಾಯಿತು ಎಂಬುದು ಗಮನಾರ್ಹ.

ತಂತ್ರಾಂಶಗಳು ಭಿನ್ನವಾಗಿರುವುದೇ ದೋಷವೆಂದೂ ಹೇಳಲಾಗದು. 2023ರ ಮೇ 11 ಮತ್ತು 12ರಂದು ಎಥೀರಿಯಂ ಜಾಲದಲ್ಲಿ ಎರಡು ತಂತ್ರಾಂಶಗಳು ಹೊರೆ ತಾಳಲಾರದೆ ತತ್ತರಿಸಿದವು. ವ್ಯವಹಾರಗಳನ್ನು ಅಂತಿಮಗೊಳಿಸಲು ಬೇಕಾದ ಮೂರನೇ ಎರಡರಷ್ಟು ಮತ ಸೇರಲಿಲ್ಲ. ಬೇರೆ ತಂತ್ರಾಂಶ ಬಳಸುತ್ತಿದ್ದವರು ಇದ್ದುದರಿಂದಲೇ ಜಾಲ ನಿಲ್ಲದೆ ಸಾಗಿ, ಯಾರ ಹಸ್ತಕ್ಷೇಪವೂ ಇಲ್ಲದೆ ಚೇತರಿಸಿಕೊಂಡಿತು.

ಇತ್ತ ಬಿಟ್‌ಕಾಯಿನ್‌ನಲ್ಲಿ ಶಕ್ತಿ ಮತ್ತಷ್ಟು ಕೆಲವೇ ಕೈಗಳಲ್ಲಿ ಸೇರಿದೆ. ಫೌಂಡ್ರಿ ಮತ್ತು ಆಂಟ್‌ಪೂಲ್ ಎಂಬ ಎರಡೇ ಕೂಟಗಳ ಪಾಲು ಇತ್ತೀಚಿನ ವರ್ಷಗಳಲ್ಲಿ ಹಲವು ಬಾರಿ ಅರ್ಧವನ್ನು ದಾಟಿದೆ. ಗಣಿಗಾರನೊಬ್ಬ ಬಯಸಿದರೆ ಒಂದು ಕೂಟ ತೊರೆದು ಇನ್ನೊಂದನ್ನು ಸೇರಬಹುದು, ನಿಜ. ಆದರೆ ಗಂಟೆಗಳ ಲೆಕ್ಕದಲ್ಲಿ ಇತ್ಯರ್ಥವಾಗುವ ಇಂಥ ಬಿಕ್ಕಟ್ಟಿನ ಸುದ್ದಿ ಅವನನ್ನು ತಲುಪುವ ಹೊತ್ತಿಗೆ, ಅವನ ಕಂಪ್ಯೂಟರ್ ಯಾವ ಕವಲಿಗೆ ದುಡಿಯಬೇಕೆಂಬುದನ್ನು ಕೂಟ ಆಗಲೇ ನಿರ್ಧರಿಸಿರುತ್ತದೆ.