ಕೋಲಿಗೆ ಬಂದ ಕಣ್ಣು

‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂಬುದು ನಮ್ಮಲ್ಲಿ ಹಳೆಯ ಗಾದೆ. ತಲೆಯ ಅಳತೆ ತಿಳಿಯದೆ ಹೊಲಿಸಿದ ಕುಲಾವಿ ಪೆಟ್ಟಿಗೆಯ ತಳ ಸೇರುವುದು ಸಹಜ. ಎಂಜಿನಿಯರಿಂಗ್ ಕಾಲೇಜುಗಳ ವಸ್ತುಪ್ರದರ್ಶನಗಳನ್ನು ನೋಡಿ ಬಂದವರಿಗೆ ಈ ಗಾದೆ ನೆನಪಾದರೆ ಆಶ್ಚರ್ಯವಿಲ್ಲ. ಮೂಕರಿಗೊಂದು ಮಾತನಾಡುವ ಕೈಗವುಸು, ಅಂಧರಿಗೊಂದು ಎಚ್ಚರಿಸುವ ಕನ್ನಡಕ, ಕಾಲಿಲ್ಲದವರಿಗೊಂದು ಹೊಸ ಬಗೆಯ ಗಾಲಿಕುರ್ಚಿ. ಒಂದೊಂದೂ ಸದುದ್ದೇಶದ ಫಲವೇ. ಆದರೆ ಅಂಕಗಳು ಬಂದು ಭಾವಚಿತ್ರ ತೆಗೆಸಿಕೊಂಡಾದ ಮೇಲೆ ಅವುಗಳಲ್ಲಿ ಎಷ್ಟೋ ಕಪಾಟು ಸೇರುತ್ತವೆ. ಯಾರಿಗಾಗಿ ಮಾಡಿದ್ದೋ ಅವರ ಕೈಗೆ ಒಮ್ಮೆಯಾದರೂ ಹೋಗಿರುವುದಿಲ್ಲ.

ಸಲಕರಣೆಗಳ ಕೊರತೆ ಇದಕ್ಕೆ ಕಾರಣವೆನ್ನುವಂತಿಲ್ಲ. ವಿದ್ಯಾರ್ಥಿಗಳು ತಾವೇ ಕೈಯಾರೆ ವಸ್ತುಗಳನ್ನು ಮಾಡಿ ನೋಡುವ ‘ಮೇಕರ್‌ಸ್ಪೇಸ್’ ಎಂಬ ಕಾರ್ಯಾಗಾರಗಳು ಅನೇಕ ಕಾಲೇಜುಗಳಲ್ಲಿವೆ. 2016ರಲ್ಲಿ ಆರಂಭವಾದ ಅಟಲ್ ಯೋಜನೆಯಿಂದ ಶಾಲೆಗಳಿಗೂ ಅಂಥ ಕೋಣೆಗಳು ಬಂದಿವೆ. ಹೊಸ ವಿಚಾರ ಹೊಳೆಯಿಸಿಕೊಳ್ಳುವ ವಿಧಾನವೂ ಹೊಸದೇನಲ್ಲ. ಅಮೆರಿಕದ ಜಾಹೀರಾತು ವ್ಯವಹಾರದ ಅಲೆಕ್ಸ್ ಆಸ್ಬರ್ನ್ 1953ರ ತನ್ನ ಗ್ರಂಥದಲ್ಲಿ ಅದಕ್ಕೆ ನಿಯಮಗಳನ್ನೇ ಹಾಕಿಕೊಟ್ಟನು. ಹತ್ತು ಮಂದಿ ಕೂಡಿ ಕುಳಿತು ತೋಚಿದ್ದನ್ನೆಲ್ಲ ಹೇಳಬೇಕು. ಆ ಹೊತ್ತಿನಲ್ಲಿ ಯಾರೂ ಯಾರನ್ನೂ ಟೀಕಿಸಬಾರದು. ಒಬ್ಬನ ಮಾತಿಗೆ ಇನ್ನೊಬ್ಬನು ತನ್ನದನ್ನು ಜೋಡಿಸಬೇಕು. ಇದೊಂದು ಬಗೆಯ ಸಮುದ್ರಮಥನವೇ. ಆದರೆ ಮಥನದಲ್ಲಿ ಅಮೃತಕ್ಕೆ ಮೊದಲು ಬಂದದ್ದು ಹಾಲಾಹಲವೆಂಬುದನ್ನು ಮರೆಯಬಾರದು. ಮೊದಲು ಹೊಳೆದದ್ದನ್ನೇ ಅಮೃತವೆಂದು ಪರರಿಗೆ ಕುಡಿಸಹೊರಡುವುದು ಅವಿವೇಕವಾದೀತು.

ಇದಕ್ಕೆ ಭಿನ್ನವಾದ ಒಂದು ಉದಾಹರಣೆ ನಮ್ಮ ದೇಶದಲ್ಲಿಯೇ ಉಂಟು. ದೆಹಲಿಯ ಐ.ಐ.ಟಿ.ಯಲ್ಲಿ 2005ರ ಸುಮಾರಿಗೆ ಕೆಲವು ವಿದ್ಯಾರ್ಥಿಗಳು ಪ್ರಾಧ್ಯಾಪಕ ಎಂ. ಬಾಲಕೃಷ್ಣನ್ ಅವರ ಮಾರ್ಗದರ್ಶನದಲ್ಲಿ ಅಂಧರಿಗೆ ನೆರವಾಗುವ ಸಾಧನವೊಂದನ್ನು ರಚಿಸಹೊರಟರು. ಅಂಧರು ಹಿಡಿಯುವ ಬಿಳಿಯ ಕೋಲು ನೆಲದ ಸುದ್ದಿಯನ್ನು ಚೆನ್ನಾಗಿ ತಿಳಿಸಬಲ್ಲುದು. ಮೆಟ್ಟಿಲು, ಗುಂಡಿ, ಕಲ್ಲು ಯಾವುದನ್ನೂ ಅದು ಬಿಡದು. ಆದರೆ ಮೊಣಕಾಲಿನಿಂದ ಮೇಲಿನದು ಅದಕ್ಕೆ ತಿಳಿಯದು. ಬಾಗಿದ ಮರದ ಕೊಂಬೆ, ಬೀದಿಗೆ ತೆರೆದ ಕಿಟಕಿಯ ಬಾಗಿಲು, ನಿಂತ ಲಾರಿಯ ಹಿಂಭಾಗ ಇವು ನೇರವಾಗಿ ಎದೆಗೆ, ಮುಖಕ್ಕೆ ಬಡಿಯುತ್ತವೆ. ಹೀಗೆ ಬಡಿಸಿಕೊಂಡವರ ಮಾತಿನಿಂದ ಕೆಲಸ ಮುಂದುವರಿಯಿತು. ಅಂಧರ ನಡುವೆ ದುಡಿಯುವ ‘ಸಕ್ಷಮ್’ ಸಂಸ್ಥೆಯೂ ಜೊತೆಗೂಡಿತು.

ಪರಿಹಾರದ ತತ್ತ್ವವನ್ನು ಬಾವಲಿಯಲ್ಲಿ ಕಾಣಬಹುದು. ಬಾವಲಿ ಕಿವಿಗೆ ಕೇಳಿಸದ ಧ್ವನಿಯನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದ ಎದುರಿನ ವಸ್ತುವನ್ನರಿಯುತ್ತದೆ. ಕೋಲಿನ ಹಿಡಿಗೆ ಸಿಕ್ಕಿಸುವ ಪುಟ್ಟ ಯಂತ್ರವೂ ಹಾಗೆಯೇ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ 3 ಮೀಟರು ದೂರದ ವಸ್ತುವನ್ನು ಮುಟ್ಟಿ ಹಿಂದಿರುಗಲು ಸೆಕೆಂಡಿನ ಐವತ್ತನೆಯ ಒಂದು ಭಾಗವೂ ಬೇಡ. ಆ ಕಾಲವನ್ನಳೆದು ಯಂತ್ರ ದೂರವನ್ನು ಲೆಕ್ಕಹಾಕುತ್ತದೆ. ಹಿಡಿ ಕೈಯಲ್ಲಿ ಕಂಪಿಸುತ್ತದೆ. ವಸ್ತು ಹತ್ತಿರವಾದಂತೆ ಕಂಪನದ ರೀತಿ ಬದಲಾಗುತ್ತದೆ.

ಎಚ್ಚರಿಕೆಗೆ ಗಂಟೆಯ ಸದ್ದು ಸಾಲದೆ, ಕಂಪನವೇಕೆ? ಕಣ್ಣಿದ್ದವರಿಗೆ ಮೊದಲು ಹೊಳೆಯುವುದು ಸದ್ದೇ. ಆದರೆ ಕಣ್ಣಿಲ್ಲದವರಿಗೆ ಕಿವಿಯೇ ದಾರಿದೀಪ. ಬರುವ ವಾಹನ, ತಿರುಗುವ ಬೀದಿ, ಎದುರಾದವರ ಹೆಜ್ಜೆ ಎಲ್ಲವನ್ನೂ ಅವರು ಕಿವಿಯಿಂದಲೇ ಅರಿಯಬೇಕು. ಆ ಕಿವಿಯ ಬಳಿ ಸದಾ ಗಂಟೆ ಬಾರಿಸುವುದೆಂದರೆ ಸಹಾಯದ ಹೆಸರಿನಲ್ಲಿ ಇದ್ದ ದೀಪವನ್ನೂ ಆರಿಸಿದಂತೆ. ಕೋಲನ್ನು ತೊರೆದು ಯಂತ್ರವೊಂದನ್ನೇ ಹಿಡಿಸುವುದೂ ತರವಲ್ಲ. ಮೇಲಿನದನ್ನು ಯಂತ್ರ ನೋಡಿಕೊಂಡರೂ ಕೆಳಗಿನ ಗುಂಡಿಯನ್ನು ಕೋಲೇ ತಿಳಿಸಬೇಕು. ಕೋಲು ಹಿಡಿಯುವ ರೀತಿಯೂ ಎಲ್ಲರದೂ ಒಂದೇ ಅಲ್ಲವಾದ್ದರಿಂದ ಹಿಡಿಯ ಆಕಾರಕ್ಕೂ ವಿಶೇಷ ಗಮನ ಬೇಕಾಯಿತು.

ವಿದ್ಯಾರ್ಥಿಗಳ ಮೇಜಿನ ಮೇಲೆ ಆರಂಭವಾದ ಈ ‘ಸ್ಮಾರ್ಟ್‌ಕೇನ್’ ಜನರ ಕೈಸೇರಿದ್ದು 2014ರಲ್ಲಿ. ಚೆನ್ನೈಯ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ಅದನ್ನು ತಯಾರಿಸಿತು. ಆಗಿನ ಬೆಲೆ ಸುಮಾರು 3,000 ರೂಪಾಯಿ. ಒಂದು ಮಾದರಿ ಮಾಡಿ ತೋರಿಸಲು ಕೆಲವು ವಾರಗಳು ಸಾಕು. ಅದು ಅಪರಿಚಿತರ ಕೈಯಲ್ಲಿ ದಿನವೂ ನಂಬಿಕೆಯಿಂದ ನಡೆಯಲು ಸುಮಾರು ಒಂಬತ್ತು ವರ್ಷ ಹಿಡಿಯಿತು. ಈ ಅಂತರವೇ ಪ್ರದರ್ಶನದ ವಸ್ತುವಿಗೂ ಬಳಕೆಯ ವಸ್ತುವಿಗೂ ಇರುವ ಅಂತರ.

ಇದೇ ಪಾಠವನ್ನು ಎರಡು ಶತಮಾನಗಳ ಹಿಂದೆ ಪ್ಯಾರಿಸ್ಸಿನ ಅಂಧರ ಶಾಲೆಯ ಬಾಲಕನೊಬ್ಬನು ಕಲಿಸಿದ್ದನು. ಷಾರ್ಲ್ ಬಾರ್ಬಿಯೆ ಎಂಬ ಕಣ್ಣುಳ್ಳ ಮಹನೀಯನು ಉಬ್ಬುಚುಕ್ಕೆಗಳ ಲಿಪಿಯೊಂದನ್ನು ಕಲ್ಪಿಸಿ ಆ ಶಾಲೆಗೆ ತಂದಿದ್ದನು. ಅದರಲ್ಲಿ ಒಂದು ಗುರುತಿಗೆ ಹನ್ನೆರಡು ಚುಕ್ಕೆಗಳವರೆಗೆ ಇರುತ್ತಿದ್ದವು. ನೋಟಕ್ಕೆ ಅದು ಅಚ್ಚುಕಟ್ಟು. ಆದರೆ ಬೆರಳ ತುದಿಗೆ ಒಮ್ಮೆಗೇ ನಿಲುಕದು. ಸ್ವತಃ ಅಂಧನಾಗಿದ್ದ ವಿದ್ಯಾರ್ಥಿ ಲೂಯಿ ಬ್ರೈಲ್ ಅದನ್ನು ಆರು ಚುಕ್ಕೆಗಳಿಗೆ ಇಳಿಸಿದನು. 1824ರಲ್ಲಿ ಆ ಲಿಪಿ ಒಂದು ರೂಪಕ್ಕೆ ಬಂದಾಗ ಅವನಿಗೆ ಹದಿನೈದೇ ವರ್ಷ. ಲೋಕ ಉಳಿಸಿಕೊಂಡದ್ದು ಆ ಬೆರಳು ಒಪ್ಪಿದ ಲಿಪಿಯನ್ನು.

ಕರುಣೆ ದೊಡ್ಡ ಗುಣವೇ. ಆದರೆ ಕೇಳದೆ ಮಾಡುವ ಕರುಣೆಯಲ್ಲಿ ಸ್ವಲ್ಪ ಅಹಂಕಾರವೂ ಬೆರೆತಿರುತ್ತದೆ. ಪಡೆಯುವವರಿಗೆ ತಮ್ಮ ಕಷ್ಟವೇ ಗೊತ್ತಿಲ್ಲವೆಂದು ಅದು ಭಾವಿಸುತ್ತದೆ. ಅಂಗವೈಕಲ್ಯವುಳ್ಳವರನ್ನು ಕೊನೆಯ ದಿನ ಬಹುಮಾನ ವಿತರಣೆಗೆ ಕರೆಯುವುದಕ್ಕಿಂತ ಮೊದಲ ದಿನ ಮೇಜಿನ ಸುತ್ತ ಕೂರಿಸಿಕೊಳ್ಳುವುದು ಮೇಲು. ರಟ್ಟು, ಥರ್ಮೊಕೋಲು, ತಂತಿಗಳ ಒರಟು ಮಾದರಿಯನ್ನೇ ಅವರ ಕೈಗಿತ್ತು, ಅವರು ಬೇಡವೆಂದದ್ದನ್ನು ಬೇಸರವಿಲ್ಲದೆ ಬಿಡಬೇಕು. ಹತ್ತು ರೂಪಾಯಿಯ ರಟ್ಟಿನಲ್ಲಿ ತಪ್ಪು ಕಂಡರೆ ಹತ್ತು ಸಾವಿರದ ಯಂತ್ರ ಕಪಾಟು ಸೇರುವುದು ತಪ್ಪುತ್ತದೆ.

ಮಗನೋ ಮಗಳೋ ಪ್ರಾಜೆಕ್ಟಿಗೆ ಹಣ ಬೇಕೆಂದು ಬಂದು ನಿಂತಾಗ, ಎಷ್ಟು ಬೇಕು ಎಂದು ಕೇಳುವ ಮೊದಲು ತಂದೆತಾಯಿಗಳು ಇನ್ನೊಂದು ಪ್ರಶ್ನೆ ಕೇಳಬಹುದು: “ಇದು ಯಾರಿಗಾಗಿ? ಅವರನ್ನು ಕಂಡು ಮಾತನಾಡಿದೆಯಾ?” ಇಲ್ಲವೆಂಬ ಉತ್ತರ ಬಂದರೆ, ಮೊದಲು ಕೊಡಬೇಕಾದ್ದು ಅವರನ್ನು ಕಂಡುಬರಲು ಬಸ್ಸಿನ ಖರ್ಚು.