ಬಾರದ ಬಸ್ಸೂ ಕಳೆದ ಕೂಲಿಯೂ

ಬೆಳಗಿನ ಮೊದಲ ಬಸ್ಸು ಬಾರದಿದ್ದರೆ ಉಳ್ಳವರಿಗೆ ಆಗುವುದು ಕೊಂಚ ತಡ. ಕೂಲಿಯವರಿಗೆ ಆಗುವುದು ಅಂದಿನ ಅನ್ನದ ನಷ್ಟ. ತೋಟದ ಕೆಲಸ ಹಾಜರಿಯೊಂದಿಗೆ ಆರಂಭವಾಗುತ್ತದೆ. ತಡವಾಗಿ ಬಂದವರಿಗೆ ಅರ್ಧ ಕೂಲಿ, ಇಲ್ಲವೇ ಬಂದ ದಾರಿಗೆ ಸುಂಕವಿಲ್ಲ. ಪೇಟೆಯ ಅಂಗಡಿ, ಹೋಟೆಲುಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗಂತೂ ಸಂಜೆಯ ಕೊನೆಯ ಬಸ್ಸೇ ದೊಡ್ಡ ಚಿಂತೆ. ಅದು ತಪ್ಪಿದರೆ ಗಳಿಕೆಯೆಲ್ಲ ಆಟೋ ಬಾಡಿಗೆಗೆ, ಇಲ್ಲವೇ ಕತ್ತಲಲ್ಲಿ ಕಾಡುದಾರಿಯ ನಡಿಗೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಒದಗಿಸಿತು. ಅದು ಸ್ವಾಗತಾರ್ಹವೇ. ಆದರೆ ಯೋಜನೆ ಅನ್ವಯಿಸುವುದು ಸರ್ಕಾರಿ ಸಾರಿಗೆ ನಿಗಮಗಳ ಬಸ್ಸುಗಳಿಗೆ ಮಾತ್ರ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಸೀಮೆಯ ಒಳದಾರಿಗಳು ಬಹುಕಾಲದಿಂದ ನೆಚ್ಚಿಕೊಂಡಿರುವುದು ಹೆಚ್ಚಾಗಿ ಖಾಸಗಿ ಬಸ್ಸುಗಳನ್ನು. ಊರಿಗೇ ಬಾರದ ಬಸ್ಸಿನ ಟಿಕೆಟ್ಟು ಉಚಿತವಾದರೇನು, ದುಬಾರಿಯಾದರೇನು?

ಮಲೆನಾಡು ಇದಕ್ಕೊಂದು ಉತ್ತರವನ್ನು ತಾನೇ ಕಂಡುಕೊಂಡಿತ್ತು. ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರು 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ ಮೂರು ದಶಕಗಳ ಕಾಲ ಹಳ್ಳಿಹಳ್ಳಿಗೂ ಬಸ್ಸು ಓಡಿಸಿತು. ದುಡಿಯುವವರೇ ಒಡೆಯರಾದ ಆ ಸಂಸ್ಥೆ ನಷ್ಟದ ಭಾರ ತಾಳಲಾರದೆ 2020ರಲ್ಲಿ ನಿಂತುಹೋಯಿತು. ಜನರ ಶ್ರಮವೊಂದೇ ಸಾಲದು, ಸರ್ಕಾರದ ಆಸರೆಯೂ ಬೇಕೆಂಬುದು ಅದರಿಂದ ನಾವು ಕಲಿಯಬೇಕಾದ ಪಾಠ.

ಬಸ್ಸಿಲ್ಲದೆಡೆ ಕಾರ್ಮಿಕರು ಸರಕಿನ ಪಿಕಪ್ ವಾಹನದಲ್ಲಿ ನಿಂತು ಘಟ್ಟದ ತಿರುವುಗಳನ್ನು ದಾಟುತ್ತಾರೆ. ಅಪಘಾತವಾದಾಗ ಕಾನೂನು ಬಾಹಿರ ಪ್ರಯಾಣವೆಂದು ದೂರುವುದು ಸುಲಭ. ಕಾನೂನುಬದ್ಧ ಪ್ರಯಾಣಕ್ಕೆ ಅಲ್ಲಿ ಏನು ವ್ಯವಸ್ಥೆಯಿತ್ತೆಂದು ಕೇಳುವವರಿಲ್ಲ. ಉಳಿದವರು ಸಾಲ ಮಾಡಿ ಬೈಕು ಕೊಳ್ಳುತ್ತಾರೆ. ವಾಹನ ಹೆಚ್ಚಿತೆಂದು ರಸ್ತೆ ಅಗಲಿಸುತ್ತಾರೆ. ಅಗಲಿಸಲು ಗುಡ್ಡದ ಬುಡ ಕಡಿಯುತ್ತಾರೆ. ಮಳೆಗೆ ಗುಡ್ಡ ಜರಿದು ಇದ್ದ ದಾರಿಯೂ ಮುಚ್ಚುತ್ತದೆ. ಈಗಿರುವ ರಸ್ತೆಯಲ್ಲೇ ಹೊತ್ತಿಗೆ ಸರಿಯಾಗಿ ಬರುವ ಒಂದು ಮಿನಿ ಬಸ್ಸು ಬಡವನ ಕೂಲಿಯನ್ನೂ ಗುಡ್ಡವನ್ನೂ ಒಟ್ಟಿಗೆ ಉಳಿಸಬಲ್ಲದು.

ಕಾನೂನು ನಮ್ಮ ಪಕ್ಕದಲ್ಲೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 72ನೇ ಕಲಮಿನ ಪ್ರಕಾರ, ದಿನಕ್ಕೆ ಕನಿಷ್ಠ ಎಷ್ಟು ಬಾರಿ ಸಂಚರಿಸಬೇಕು, ವೇಳಾಪಟ್ಟಿಯನ್ನು ಎಲ್ಲಿ ಪ್ರದರ್ಶಿಸಬೇಕು ಎಂಬ ಷರತ್ತುಗಳನ್ನು ಬಸ್ಸಿನ ಪರವಾನಗಿಯಲ್ಲೇ ವಿಧಿಸಬಹುದು. ಷರತ್ತು ಮುರಿದರೆ ಪರವಾನಗಿಯನ್ನು ಅಮಾನತುಗೊಳಿಸಲು 86ನೇ ಕಲಮು ಅವಕಾಶ ನೀಡುತ್ತದೆ. 2019ರ ತಿದ್ದುಪಡಿಯಂತೆ ಗ್ರಾಮೀಣ ಸಾರಿಗೆಗೆಂದೇ ಪ್ರತ್ಯೇಕ ಯೋಜನೆ ರೂಪಿಸುವ ಅಧಿಕಾರವೂ ರಾಜ್ಯ ಸರ್ಕಾರಕ್ಕಿದೆ. ಇಲ್ಲದಿರುವುದು ಕಾನೂನಲ್ಲ, ಕೇಳುವ ದನಿ.

ಆ ದನಿಗೆ ಲೆಕ್ಕದ ಬಲ ಬೇಕು. ವಿದ್ಯಾರ್ಥಿ ಮಿತ್ರರು ತಮ್ಮ ನಿಲ್ದಾಣದಲ್ಲಿ ಒಂದು ತಿಂಗಳು ಪುಸ್ತಕವೊಂದನ್ನಿಡಲಿ: ಬಸ್ಸು ಬರಬೇಕಾದ ವೇಳೆ, ಬಂದ ವೇಳೆ, ತಪ್ಪಿದ ದಿನ, ಕಾದು ನಿಂತವರ ಸಂಖ್ಯೆ, ಕೂಲಿ ಕಳೆದುಕೊಂಡವರೆಷ್ಟು ಎಂಬುದನ್ನು ಬರೆದಿಡಲಿ. ಹಿರಿಯರು ಅದನ್ನು ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಕಳುಹಿಸಲಿ. ಬಸ್ಸು ಯಾರೋ ತೋರುವ ದಯೆಯಲ್ಲ. ದುಡಿದು ಉಣ್ಣುವವರ ಹಕ್ಕು. ಕಾಡಿನ ಮರಗಳನ್ನು ಎಣಿಸಿ ಉಳಿಸಿಕೊಂಡ ನಾವು, ತಪ್ಪಿದ ಬಸ್ಸುಗಳನ್ನು ಎಣಿಸಲಾರೆವೇ?