ಗಡ್ಡೆಯನ್ನಲ್ಲ, ಸುತ್ತಲಿನ ಲಿವರನ್ನು ಅಳೆಯಿರಿ

ಹೊಟ್ಟೆ ಒತ್ತಿ ನೋಡಿ ಗಡ್ಡೆ ಎಷ್ಟು ಗಟ್ಟಿ ಎಂದು ಅಂದಾಜು ಮಾಡುವುದು ವೈದ್ಯರ ಹಳೆಯ ವಿದ್ಯೆ. ಅದನ್ನೇ ಅಲ್ಟ್ರಾಸೌಂಡ್‌ನಿಂದ ಮಾಡುವ ಎಲಾಸ್ಟೋಗ್ರಫಿಗೆ ಜೊನಾಥನ್ ಓಫಿರ್ ಮತ್ತು ಸಂಗಡಿಗರು 1991ರಲ್ಲಿ ಬುನಾದಿ ಹಾಕಿದರು. ಇಂದಿನ ಯಂತ್ರಗಳಲ್ಲಿ ಪ್ರೋಬ್ ದೇಹದೊಳಕ್ಕೆ ಸಣ್ಣದೊಂದು ತಳ್ಳು ಕೊಡುತ್ತದೆ. ಅದರಿಂದೇಳುವ ಕಂಪನ ಮೆತ್ತನೆಯ ಅಂಗದಲ್ಲಿ ನಿಧಾನವಾಗಿ, ಗಟ್ಟಿ ಅಂಗದಲ್ಲಿ ಬೇಗ ಹರಡುತ್ತದೆ. ಆ ವೇಗದಿಂದ ಲೆಕ್ಕ ಹಾಕಿದ ಗಟ್ಟಿತನ ಕಿಲೋಪಾಸ್ಕಲ್‌ಗಳಲ್ಲಿ ಪರದೆಯ ಮೇಲೆ ಬರುತ್ತದೆ. ಚುಚ್ಚುವುದಿಲ್ಲ, ವಿಕಿರಣವೂ ಇಲ್ಲ. ಹಾಗಾಗಿ ಬಯಾಪ್ಸಿಯೇ ಬೇಡ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಗಟ್ಟಿ ಇರುವುದೆಲ್ಲ ಕ್ಯಾನ್ಸರ್ ಅಲ್ಲ. ಹಳೆಯ ಉರಿಯೂತದಿಂದಲೂ ಮೇದೋಜ್ಜೀರಕ ಗ್ರಂಥಿ ಬಿಗಿಯುತ್ತದೆ. ಲಿವರಿನ ನಿರುಪದ್ರವಿ ರಕ್ತನಾಳದ ಗಂಟಿಗೂ ಕ್ಯಾನ್ಸರ್ ಗಡ್ಡೆಗೂ ಕೆಲವೊಮ್ಮೆ ಒಂದೇ ಅಳತೆ ಬರುತ್ತದೆ.

ಆಪರೇಷನ್‌ಗೆ ಮುಂಚೆ ಈ ಪರೀಕ್ಷೆ ನಿಜವಾಗಿ ಬೆಲೆ ಬಾಳುವುದು ಗಡ್ಡೆಯ ಸುತ್ತಲಿನ ಅಂಗವನ್ನು ಅಳೆದಾಗ. ಲಿವರ್ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದೇ ಸಿರೋಸಿಸ್ ಆಗಿ, ಅಂದರೆ ಗಾಯದ ಕಲೆ ಕಟ್ಟಿ, ಗಟ್ಟಿಯಾದ ಲಿವರಿನಲ್ಲಿ. ಕತ್ತರಿಸಿ ಉಳಿದ ಭಾಗ ದೇಹವನ್ನು ಸಾಗಿಸಬಲ್ಲದೇ ಎಂಬುದೇ ಅಲ್ಲಿ ಪ್ರಶ್ನೆ. ಲಿವರಿನ ಅಳತೆ 5 ಕಿಲೋಪಾಸ್ಕಲ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 25 ದಾಟಿದರೆ ಲಿವರಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಒತ್ತಡ ಏರಿರುವ ಸಂಭವ ಬಹಳ. ಆಗ ದೊಡ್ಡ ಭಾಗ ತೆಗೆಯುವುದಕ್ಕಿಂತ ಗಡ್ಡೆಯನ್ನು ಸೂಜಿಯಿಂದ ಸುಡುವುದೋ ಲಿವರ್ ಕಸಿಯೋ ಲೇಸೆನಿಸಬಹುದು. ಮೇದೋಜ್ಜೀರಕದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಗ್ರಂಥಿ ಮೆತ್ತಗಿದ್ದಷ್ಟೂ ಹೊಲಿಗೆ ಹಿಡಿಯುವುದು ಕಷ್ಟ, ಜೀರ್ಣರಸ ಸೋರುವ ಅಪಾಯ ಜಾಸ್ತಿ.

ಸಿ.ಟಿ., ಎಂ.ಆರ್.ಐ. ಇರುವಾಗ ಇದೇಕೆ ಎನ್ನುವವರಿದ್ದಾರೆ. ಗಡ್ಡೆಯ ಗಾತ್ರ, ಅದು ಯಾವ ರಕ್ತನಾಳಕ್ಕೆ ಅಂಟಿದೆ ಎಂಬುದಕ್ಕೆ ಅವೇ ಬೇಕು, ಒಪ್ಪೋಣ. ಆದರೆ ಸಿರೋಸಿಸ್ಸಿನ ಆರಂಭದಲ್ಲಿ ಸಿ.ಟಿ.ಯಲ್ಲಿ ಲಿವರ್ ಸರಿಯಾಗಿಯೇ ಕಾಣಬಹುದು. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಸಂಖ್ಯೆ ನಂಬುವಂತಿಲ್ಲ. ಯಂತ್ರ ಬದಲಾದರೆ ಅಳತೆ ಬದಲಾಗುತ್ತದೆ. ಊಟವಾದ ಮೇಲೆ ಏರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ, ರೋಗಿಯ ಮೈ ದಪ್ಪವಿದ್ದರೆ ಕೈಕೊಡುತ್ತದೆ. ಇದು ಪರೀಕ್ಷೆಯನ್ನು ಕೈಬಿಡಲು ಕಾರಣವಲ್ಲ, ವರದಿಯನ್ನು ಸರಿಯಾಗಿ ಬರೆಯಲು ಕಾರಣ. ಯಾವ ಯಂತ್ರ, ಎಷ್ಟು ಗಂಟೆ ಉಪವಾಸ, ಅಳತೆಗಳ ನಡುವೆ ಎಷ್ಟು ಅಂತರ ಎಂಬುದಿಲ್ಲದ ಬರಿಯ ಒಂದು ಅಂಕಿಯನ್ನು ಸರ್ಜನ್ ಒಪ್ಪಬಾರದು. ಅದರಲ್ಲೂ ಗಡ್ಡೆ ಪಿತ್ತನಾಳವನ್ನು ಮುಚ್ಚಿ ಕಾಮಾಲೆ ಬಂದಿದ್ದರೆ, ಲಿವರ್ ಇರುವುದಕ್ಕಿಂತ ಗಟ್ಟಿಯಾಗಿ ತೋರುತ್ತದೆ; ತಡೆ ಬಿಡಿಸಿ, ಕಾಮಾಲೆ ಇಳಿದ ಮೇಲೆ ಇನ್ನೊಮ್ಮೆ ಅಳೆಯಬೇಕು.